ಮೀನಿನ ಆಯುಷ್ಯ



ಕಳೆದ ಸೋಮವಾರ ಪ್ರಸಾದದ ವೇಳೆಗೆ ಒಬ್ಬ ಭಕ್ತರು ಶ್ರೀಮಠಕ್ಕೆ ಬಂದರು. ಅವರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಹೆಸರು ಹೇಳಿದರೆ ಅವರಿಗೆ ಸಂಕೋಚವಾದೀತು, ಆದಕಾರಣ ಹೇಳುವುದಿಲ್ಲ. ಮಗನಿಗೆ ನೌಕರಿ ದೊರೆತ ಸಂತೋಷಕ್ಕಾಗಿ ಪ್ರಸಾದನಿಲಯದ ಮಕ್ಕಳಿಗೆ ಏನಾದರೂ ಕಾಣಿಕೆ ಸಲ್ಲಿಸಬೇಕೆಂಬುದು ಅವರ ಮನಸ್ಸು. "ಬುದ್ಧಿ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಬಣ್ಣಬಣ್ಣದ ಮೀನು ತಂದುಕೊಡುತ್ತೇನೆ. ಮಕ್ಕಳು ನೋಡಿ ನಲಿಯಲಿ. ಅಪ್ಪಣೆಯಾಗಬೇಕು" ಎಂದರು.

ನಾವು ಕೂಡಲೇ ಆಗಲಿ ಎನ್ನಲಿಲ್ಲ. ಒಂದು ವಾರ ಬಿಟ್ಟು ಹೇಳುತ್ತೇವೆ ಎಂದೆವು. ಅವರ ಮುಖ ಸ್ವಲ್ಪ ಬಾಡಿತು. ಲಕ್ಷಾಂತರ ರೂಪಾಯಿಯ ಕಟ್ಟಡಕ್ಕೆ ಒಂದು ಮಾತಿನಲ್ಲಿ ಒಪ್ಪಿಗೆ ಕೊಡುವ ಸ್ವಾಮಿಗಳು ನಾಲ್ಕು ಮೀನಿಗೆ ಒಂದು ವಾರ ಏಕೆ ಯೋಚಿಸಬೇಕು ಎಂದು ಅವರಿಗೆ ಅನಿಸಿರಬಹುದು. ಅದಕ್ಕೆ ಇಂದು ಎಲ್ಲರ ಮುಂದೆ ಉತ್ತರ ಕೊಡುತ್ತೇವೆ. ಆದರೆ ಉತ್ತರ ಕೊಡುವ ಮೊದಲು ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಪೀಠದಲ್ಲಿ ಕುಳಿತವರು ತಪ್ಪು ಮಾಡುವುದಿಲ್ಲವೆಂದು ನಿಮ್ಮಲ್ಲಿ ಕೆಲವರ ಭಾವನೆ. ಪೀಠ ತಪ್ಪು ಮಾಡುವುದಿಲ್ಲ, ನಿಜ, ಅದು ಮರದ್ದು. ಅದರ ಮೇಲೆ ಕುಳಿತವರು ಮನುಷ್ಯರು.

2016ರ ಮಾತು. ಯಲಹಂಕದ ಸಮೀಪದ ನಮ್ಮ ಶಾಖಾಮಠದ ಪ್ರಸಾದನಿಲಯದಲ್ಲಿ ಆಗಲೂ ಒಂದು ಸಣ್ಣ ಗಾಜಿನ ತೊಟ್ಟಿ ಇತ್ತು. ಅದೂ ಒಬ್ಬ ಭಕ್ತರ ಕಾಣಿಕೆಯೇ. ಅದರಲ್ಲಿ ಒಂಬತ್ತು ಮೀನುಗಳು: ಕೆಲವು ಕೆಂಪು, ಎರಡು ಕಪ್ಪು, ಒಂದು ಅರಿಶಿನ ಬಣ್ಣದ್ದು. ಎರಡನೆಯ ತರಗತಿಯ ಒಬ್ಬ ಹುಡುಗ ದಿನವೂ ಬೆಳಗ್ಗೆ ವಿಭೂತಿ ಧರಿಸಿ, ಪ್ರಾರ್ಥನೆ ಮುಗಿಸಿ, ನೇರವಾಗಿ ತೊಟ್ಟಿಯ ಮುಂದೆ ಹೋಗಿ ನಿಲ್ಲುತ್ತಿದ್ದ. ಒಂಬತ್ತಕ್ಕೂ ಹೆಸರಿಟ್ಟಿದ್ದ. ಚಿಟಿಕೆಯಷ್ಟು ಆಹಾರ ಹಾಕುವುದು ಅವನ ಕಾಯಕ. ಆ ಮಗುವಿಗೆ ತಾಯಿ ಇರಲಿಲ್ಲ. ಮಠಕ್ಕೆ ಬರುವ ಹಿಂದಿನ ವರ್ಷ ಆಕೆ ತೀರಿಕೊಂಡಿದ್ದಳು.

ಆ ವರ್ಷ ಮಾರ್ಚ್ 7ರಂದು ಮಹಾಶಿವರಾತ್ರಿ. ಶಾಖಾಮಠದ ತುಂಬ ಜನ. ಸಂಜೆ ನಾವು ಪ್ರಸಾದನಿಲಯಕ್ಕೆ ದಯಮಾಡಿಸಿದಾಗ ಭಕ್ತರೆಲ್ಲ ತೊಟ್ಟಿಯ ಸುತ್ತ ನೆರೆದಿದ್ದರು. ಯಾರೋ ಒಬ್ಬರು ಮಂಡಕ್ಕಿಯ ತಟ್ಟೆ ಹಿಡಿದು, "ಬುದ್ಧಿಯವರು ತಮ್ಮ ಅಮೃತಹಸ್ತದಿಂದ ಹಾಕಬೇಕು" ಎಂದರು. ನಾವು ಒಂದು ಹಿಡಿ ತೆಗೆದು ಹಾಕಿದೆವು. ಆ ಹುಡುಗ ಪಕ್ಕದಲ್ಲಿ ನಿಂತು, "ಅಷ್ಟೊಂದು ಬೇಡ ಬುದ್ಧಿ, ಅವು ತಿನ್ನಲ್ಲ" ಎಂದ. ನಾವು ನಕ್ಕು ಅವನ ತಲೆ ಸವರಿದೆವು. ಗುರುಗಳು ಹಾಕಿದ ಮೇಲೆ ಶಿಷ್ಯರು ಬಿಟ್ಟಾರೆಯೇ? ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿದರು. ಉಪವಾಸದ ದಿನ ಮೂಕಪ್ರಾಣಿಗೆ ಅನ್ನ ಇಟ್ಟ ಪುಣ್ಯ ಎಲ್ಲರಿಗೂ ಬೇಕಾಗಿತ್ತು.

ಮರುದಿನ ಬೆಳಗ್ಗೆ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೆಳ್ಳಗಾಗಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಸುದ್ದಿ ನಮಗೆ ಮುಟ್ಟಿತು. "ನೀರು ಕೆಟ್ಟಿದೆ, ಎಲ್ಲ ಚೆಲ್ಲಿ ಹೊಸ ನೀರು ತುಂಬಿಸಿ" ಎಂದು ನಾವೇ ಅಪ್ಪಣೆ ಕೊಟ್ಟೆವು. ಶಿಷ್ಯರು ತೊಟ್ಟಿಯನ್ನು ಬರಿದು ಮಾಡಿ, ಕಲ್ಲುಗಳನ್ನೆಲ್ಲ ತಿಕ್ಕಿ ತೊಳೆದು, ನಲ್ಲಿಯ ನೀರನ್ನು ಕಂಠಮಟ್ಟ ತುಂಬಿಸಿದರು. ನೀರು ಸ್ಫಟಿಕದಂತೆ ಹೊಳೆಯಿತು. ಸಂಜೆಯ ಹೊತ್ತಿಗೆ ಒಂಬತ್ತು ಮೀನುಗಳೂ ಮಗುಚಿ ತೇಲುತ್ತಿದ್ದವು.

ಮಕ್ಕಳು ಅತ್ತರು. ಸಮಾಧಾನ ಹೇಳಬೇಕಾದದ್ದು ನಮ್ಮ ಧರ್ಮ. ಎಲ್ಲರನ್ನೂ ಕೂರಿಸಿಕೊಂಡು, "ಅಳಬಾರದು ಮಕ್ಕಳೇ, ಹುಟ್ಟಿದ್ದಕ್ಕೆಲ್ಲ ಒಂದು ಆಯುಷ್ಯವಿದೆ. ಆ ಮೀನುಗಳ ಆಯುಷ್ಯ ಮುಗಿದಿತ್ತು" ಎಂದೆವು. ಎಲ್ಲರೂ ಕಣ್ಣೊರೆಸಿಕೊಂಡರು. ಆ ಹುಡುಗನೊಬ್ಬ ಎದ್ದು ನಿಂತ. "ಒಂಬತ್ತಕ್ಕೂ ಒಂದೇ ದಿನ ಮುಗೀತಾ ಬುದ್ಧಿ?" ಎಂದು ಕೇಳಿದ.

ಸುತ್ತಲಿದ್ದ ದೊಡ್ಡವರು ನಕ್ಕರು. ನಾವೂ ನಕ್ಕೆವು. ಎಷ್ಟು ಚೂಟಿಯ ಹುಡುಗ ಎಂದು ಒಬ್ಬರು ಮೆಚ್ಚಿದರು. ಆದರೆ ಅವನು ನಗಿಸಲು ಕೇಳಿರಲಿಲ್ಲ. ಉತ್ತರಕ್ಕಾಗಿ ಕೇಳಿದ್ದ. ನಾವು ಉತ್ತರ ಕೊಡಲಿಲ್ಲ. ಈ ಸೀಮೆಯಲ್ಲಿ ಸ್ವಾಮಿಗಳನ್ನು ಬುದ್ಧಿ ಎಂದು ಕರೆಯುವುದು ವಾಡಿಕೆ. ಅಂದು ಆ ಸಭೆಯಲ್ಲಿ ಬುದ್ಧಿ ಇದ್ದದ್ದು ಏಳು ವರ್ಷದ ಮಗುವಿಗೆ. ಹೆಸರು ಮಾತ್ರ ನಮ್ಮದು.

ಏಪ್ರಿಲ್ ತಿಂಗಳ ರಜೆಯಲ್ಲಿ ಮಕ್ಕಳಿಗೆ ಶಿಬಿರ ನಡೆಯಿತು. ಒಂದು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದಾಗ ಮಕ್ಕಳು ಒಕ್ಕೊರಲಿನಿಂದ ಮೀನು ನೋಡಬೇಕೆಂದರು. ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರ್ಬಾ ರಸ್ತೆಯಲ್ಲಿ, ಮೀನುಗಾರಿಕೆ ಇಲಾಖೆಯವರು 1983ರಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ವಜ್ರದ ಹರಳಿನ ಆಕಾರದ ಕಟ್ಟಡ. ಇಪ್ಪತ್ತೆರಡು ಮಕ್ಕಳು, ಇಬ್ಬರು ಉಪಾಧ್ಯಾಯರು, ನಾವು. ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದು ಹೊರಟೆವು. ಹೆಬ್ಬಾಳದ ಮೇಲ್ಸೇತುವೆ ಬಂದಾಗ ಮಕ್ಕಳೆಲ್ಲ ಕಿಟಕಿಗೆ ಮುಖ ಒತ್ತಿ, "ಕೆರೆ, ಕೆರೆ" ಎಂದು ಕೂಗಿದರು. ಆ ಹುಡುಗ ಕೂಗಲಿಲ್ಲ. ಮೀನು ಸತ್ತ ದಿನದಿಂದ ಅವನು ಅಷ್ಟಾಗಿ ಮಾತನಾಡುತ್ತಿರಲಿಲ್ಲ.

ಮತ್ಸ್ಯಾಲಯ ಬಹಳ ದೊಡ್ಡದೇನೂ ಅಲ್ಲ. ಒಳಗೆ ಮಬ್ಬುಗತ್ತಲು. ಗೋಡೆಯುದ್ದಕ್ಕೂ ದೀಪ ಹಚ್ಚಿದ ಗಾಜಿನ ತೊಟ್ಟಿಗಳು. ಆ ಬೆಳಕಿನಲ್ಲಿ ಮಕ್ಕಳ ಮುಖ ನೋಡುವುದೇ ಒಂದು ಸೊಗಸು. ತಲೆಯ ಮೇಲೆ ಮುಕುಟವಿಟ್ಟಂತಿದ್ದ ಗೋಲ್ಡ್ ಫಿಶ್, ಪಟ್ಟೆಪಟ್ಟೆಯ ಟೈಗರ್ ಬಾರ್ಬ್, ಗೌರಾಮಿ, ಸಿಹಿನೀರಿನ ಸೀಗಡಿ. ಒಂದು ಸಣ್ಣ ತೊಟ್ಟಿಯಲ್ಲಿ ಸಯಾಮಿನ ಕಾದಾಡುವ ಮೀನು ಒಂಟಿಯಾಗಿತ್ತು. ಅಲ್ಲಿ ತೊಟ್ಟಿ ನೋಡಿಕೊಳ್ಳುವ ಹಿರಿಯ ನೌಕರರೊಬ್ಬರು ನಮ್ಮ ಕಾವಿಯನ್ನು ಕಂಡು ಕೈಮುಗಿದು ಹತ್ತಿರ ಬಂದರು. "ಇದರ ಗಂಡು ಬಾಯಿಂದ ಗುಳ್ಳೆ ಊದಿ ನೀರಿನ ಮೇಲೆ ಗೂಡು ಕಟ್ಟುತ್ತದೆ. ಮೊಟ್ಟೆ ಕೆಳಗೆ ಬಿದ್ದರೆ ಬಾಯಲ್ಲಿ ಎತ್ತಿ ಮತ್ತೆ ಗೂಡಿಗೆ ಸೇರಿಸುತ್ತದೆ. ಮರಿ ಕಾಯುವುದು ತಂದೆಯೇ" ಎಂದು ಮಕ್ಕಳಿಗೆ ಹೇಳಿದರು. ನಮ್ಮ ಹುಡುಗ ಆ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತ.

ಒಬ್ಬ ಹುಡುಗಿ ಬಂದು ನಮ್ಮ ಶಾಟಿ ಎಳೆದು, "ಮೀನು ಯಾಕೆ ಕಣ್ಣೇ ಮುಚ್ಚಲ್ಲ?" ಎಂದಳು. ನಮ್ಮ ಸಂಸ್ಕೃತದ ಓದು ಅಲ್ಲಿ ಉಪಯೋಗಕ್ಕೆ ಬಂತು. ನಾವು ಅವಳ ವಯಸ್ಸಿಗಿಂತ ಸ್ವಲ್ಪ ದೊಡ್ಡವರಾಗಿದ್ದಾಗ ಪಾಠಶಾಲೆಯಲ್ಲಿ ಅಮರಕೋಶ ಬಾಯಿಪಾಠ ಮಾಡುತ್ತಿದ್ದೆವು. ಅದರಲ್ಲಿ ಅನಿಮಿಷ ಎಂಬ ಶಬ್ದಕ್ಕೆ ಎರಡು ಅರ್ಥ: ಒಂದು ದೇವತೆ, ಇನ್ನೊಂದು ಮೀನು. ಎರಡಕ್ಕೂ ರೆಪ್ಪೆ ಬಡಿಯುವುದಿಲ್ಲ. ಅಲ್ಲಮಪ್ರಭುಗಳಿಗೆ ಲಿಂಗ ದೊರೆತದ್ದು ಅನಿಮಿಷಯ್ಯಗಳ ಕರಸ್ಥಲದಿಂದ. ಲಿಂಗದಲ್ಲಿ ನೆಟ್ಟ ದೃಷ್ಟಿಯನ್ನು ಅವರು ಕದಲಿಸಲಿಲ್ಲ, ಆದಕಾರಣ ಆ ಹೆಸರು. "ಮೀನಿಗೆ ರೆಪ್ಪೆಯೇ ಇಲ್ಲ ಮಗು. ಅದಕ್ಕೆ ನಿದ್ದೆಯಲ್ಲೂ ಕಣ್ಣು ತೆರೆದೇ ಇರುತ್ತದೆ" ಎಂದೆವು. ಅವಳು ತೃಪ್ತಳಾದಳು. ನಮಗೂ ಉತ್ತರ ಗೊತ್ತಿದ್ದ ಪ್ರಶ್ನೆ ಬಂತೆಂದು ಸಂತೋಷವಾಯಿತು. ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ.

ಆ ಹುಡುಗ ನೌಕರರ ಬಳಿ ಹೋಗಿ ಕೇಳಿದ: "ಅಣ್ಣ, ಒಂಬತ್ತು ಮೀನು ಒಂದೇ ದಿನ ಸಾಯೋದು ಹೇಗೆ?"

ಅವರಿಗೆ ನಮ್ಮ ಮಠದ ಕಥೆ ತಿಳಿಯದು. ಸಹಜವಾಗಿ, "ಏನು ತಿನ್ನಿಸಿದಿರಿ?" ಎಂದರು. ಮಂಡಕ್ಕಿ ಎಂದ. ಎಷ್ಟು ಎಂದರು. ಹುಡುಗ ಎರಡು ಕೈ ಅಗಲಿಸಿ ತೋರಿಸಿದ. "ನೀರು ಬದಲಿಸಿದಿರಾ?" ಎಂದರು. ಪೂರ್ತಿ ಬದಲಿಸಿದೆವು ಎಂದ. "ಕಲ್ಲು ತೊಳೆದಿರಾ?" ತೊಳೆದೆವು. "ನಲ್ಲಿ ನೀರು ಹಾಗೇ ಹಾಕಿದಿರಾ?" ಹಾಕಿದೆವು. ಆ ಹಿರಿಯರು ತಲೆಯಾಡಿಸಿ, "ಇನ್ನು ಉಳಿಯುವುದು ಹೇಗಪ್ಪ?" ಎಂದರು.

ಆಮೇಲೆ ಅವರು ವಿವರಿಸಿದ್ದನ್ನು ನೀವೂ ಕೇಳಬೇಕು. ಮೀನು ಉಣ್ಣುವುದೂ ನೀರಿನಲ್ಲಿ, ವಿಸರ್ಜಿಸುವುದೂ ನೀರಿನಲ್ಲಿ, ಉಸಿರಾಡುವುದೂ ಅದೇ ನೀರಿನಲ್ಲಿ. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಅದಕ್ಕೆ ಆಹಾರ ಹಾಕಬೇಕು. ಮಿಕ್ಕದ್ದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತದೆ, ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಆ ವಿಷವನ್ನು ಮುರಿಯುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ತೊಟ್ಟಿಯ ಕಲ್ಲು ಮರಳಿನಲ್ಲಿ ಮನೆಮಾಡಿಕೊಂಡಿರುತ್ತವೆ. ನಾವು ಶುದ್ಧಿಯ ಹೆಸರಿನಲ್ಲಿ ಕಲ್ಲು ತಿಕ್ಕಿ ಅವುಗಳನ್ನೂ ತೊಳೆದುಬಿಟ್ಟೆವು. ನಲ್ಲಿಯ ನೀರಿಗೆ ರೋಗಾಣು ಸಾಯಲೆಂದು ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಅದು ರಕ್ಷೆ, ಮೀನಿನ ಕಿವಿರಿಗೆ ಉರಿ. ನೀರನ್ನು ಒಂದು ದಿನ ಬಾಯಿ ತೆರೆದ ಪಾತ್ರೆಯಲ್ಲಿ ಇಟ್ಟು, ಒಂದು ಬಾರಿಗೆ ಕಾಲು ಭಾಗದಷ್ಟೇ ಬದಲಿಸಬೇಕಿತ್ತು. ನಾವು ಮಾಡಿದ ನಾಲ್ಕು ಕೆಲಸವೂ ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ನಾಲ್ಕೂ ಕೊಂದವು.

ಹುಡುಗ ಎಲ್ಲವನ್ನೂ ಕೇಳಿ ತಿರುಗಿ ನಮ್ಮನ್ನು ನೋಡಿದ. ಏನೂ ಹೇಳಲಿಲ್ಲ. ಆ ನೋಟವೂ ರೆಪ್ಪೆ ಬಡಿಯುವಂಥದಾಗಿರಲಿಲ್ಲ.

ಭಕ್ತರೇ, ಅಲ್ಲಿ ನಮಗೆ ಎರಡು ದಾರಿಗಳಿದ್ದವು. "ಕಾರಣವೇನೇ ಇರಲಿ, ಎಲ್ಲವೂ ಶಿವಸಂಕಲ್ಪ" ಎಂದು ಮುಂದೆ ನಡೆಯಬಹುದಿತ್ತು. ಸಂಸ್ಕೃತ ಓದಿದವರಿಗೆ ಇಂತಹ ಮಾತಿಗೆ ಬರವಿಲ್ಲ. ಆದರೆ ಶಿವನ ಹೆಸರನ್ನು ನಮ್ಮ ಅಜ್ಞಾನಕ್ಕೆ ಮುಸುಕಾಗಿ ಹೊದಿಸುವುದು ಶಿವದ್ರೋಹ ಎಂದು ಆ ಗಳಿಗೆಯಲ್ಲಿ ಹೊಳೆಯಿತು. ನಾವು ಆ ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಮೀನುಗಳ ಆಯುಷ್ಯ ಮುಗಿದಿರಲಿಲ್ಲ ಮಗು. ನಾವು ತಿಳಿಯದೆ ಮುಗಿಸಿದೆವು. ನೀನು ಬೇಡವೆಂದೆ, ನಾವು ಕೇಳಲಿಲ್ಲ. ತಪ್ಪು ನಮ್ಮದು" ಎಂದೆವು. ಉಪಾಧ್ಯಾಯರಿಗೆ ಮುಜುಗರವಾಯಿತು. ಹುಡುಗನಿಗೆ ಆಗಲಿಲ್ಲ. "ನನ್ನ ತಪ್ಪು ಅಂದುಕೊಂಡಿದ್ದೆ" ಎಂದ. ಒಂದೂವರೆ ತಿಂಗಳು ಆ ಮಗು ಒಂಬತ್ತು ಸಾವುಗಳನ್ನು ತನ್ನ ತಲೆಯ ಮೇಲೆ ಹೊತ್ತು ತಿರುಗಿತ್ತು. ನಮ್ಮ ಸಮಾಧಾನದ ಮಾತು ಅವನ ಭಾರವನ್ನು ಕೂದಲಿನಷ್ಟೂ ಇಳಿಸಿರಲಿಲ್ಲ.

ಹೊರಗೆ ಉದ್ಯಾನದ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಅವನು ನಮ್ಮ ಪಕ್ಕಕ್ಕೆ ಸರಿದು ಕುಳಿತ. ಮೆಲ್ಲಗೆ, "ಅಮ್ಮನದೂ ಆಯುಷ್ಯ ಮುಗೀತು ಅಂದಿದ್ದರು ಬುದ್ಧಿ. ಅದು ನಿಜವಾ?" ಎಂದ.

ನಮ್ಮ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಉತ್ತರ ನಮಗೆ ಗೊತ್ತಿರಲಿಲ್ಲ. "ನಮಗೆ ತಿಳಿಯದು. ನಿನ್ನ ತಂದೆಯನ್ನು ಕೇಳಿ ತಿಳಿದುಕೊಂಡು ಹೇಳುತ್ತೇವೆ" ಎಂದೆವು. ತಂದೆಯನ್ನು ಕರೆಸಿದೆವು. ಆಕೆಗೆ ಇದ್ದ ಕಾಯಿಲೆ, ಮಾಡಿದ ಚಿಕಿತ್ಸೆ, ವೈದ್ಯರು ಹೇಳಿದ್ದು ಎಲ್ಲವನ್ನೂ ಕೇಳಿ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ತಂದೆಯೂ ನಾವೂ ಕೂಡಿ ಹೇಳಿದೆವು. ಅಲ್ಲಿ ಯಾರ ತಪ್ಪೂ ಇರಲಿಲ್ಲ. ತಾನು ಹಠ ಮಾಡಿದ್ದರಿಂದ ತಾಯಿ ಹೋದಳೆಂದು ಅವನು ಒಳಗೊಳಗೇ ನಂಬಿಕೊಂಡಿದ್ದನಂತೆ. ಅಂದು ತಂದೆಯ ತೊಡೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತ. ಆಮೇಲೆ ರಾತ್ರಿ ಮಲಗುವಾಗ ದೀಪ ಆರಿಸಬೇಡಿ ಎನ್ನುವುದನ್ನು ಬಿಟ್ಟ.

ಆಯುಷ್ಯ ಎಂಬ ಮಾತು ಸುಳ್ಳಲ್ಲ. ಅದು ಎಲ್ಲ ವಿಚಾರವೂ ಮುಗಿದ ಮೇಲೆ ಬರಬೇಕಾದ ಮಾತು. ನಾವು ಅದನ್ನು ವಿಚಾರಕ್ಕೆ ಮೊದಲೇ ತಂದು ಬಾಗಿಲಿಗೆ ಅಡ್ಡ ಇಡುತ್ತೇವೆ. ದೋಷವೆಲ್ಲ ಅಲ್ಲಿದೆ.

ಇನ್ನೊಂದು ಸಂಗತಿಯನ್ನು ಹೇಳಬೇಕು. ಅಂದು ಮತ್ಸ್ಯಾಲಯದಿಂದ ಹೊರಡುವಾಗ ಕಣ್ಣಿನ ಪ್ರಶ್ನೆ ಕೇಳಿದ ಹುಡುಗಿಯೇ, "ಪಾಪ, ಇವನ್ನೆಲ್ಲ ತಗೊಂಡು ಹೋಗಿ ಹೆಬ್ಬಾಳ ಕೆರೆಗೆ ಬಿಟ್ಟುಬಿಡೋಣ ಬುದ್ಧಿ" ಎಂದಳು. ಎಂಥ ಕರುಣೆ ಎಂದು ನಮ್ಮ ಕಣ್ಣು ಒದ್ದೆಯಾಯಿತು. ಭೇಷ್ ಎನ್ನಲು ಬಾಯಿ ತೆರೆದವರು, ಬೆಳಗಿನ ಪಾಠ ನೆನಪಾಗಿ, ಆ ಹಿರಿಯ ನೌಕರರ ಮುಖ ನೋಡಿದೆವು. ಅವರು ಕೈಯಾಡಿಸಿದರು. ಏಂಜಲ್ ಮೀನು ಅಮೆಜಾನ್ ನದಿಯ ಕಡೆಯದು, ಕಾದಾಡುವ ಮೀನು ಥಾಯ್ಲೆಂಡಿನ ಕಡೆಯದು, ಗೋಲ್ಡ್ ಫಿಶ್ ಸಾವಿರ ವರ್ಷಕ್ಕೂ ಹಿಂದೆ ಚೀನಾದವರು ಕೊಳಗಳಲ್ಲಿ ಸಾಕಿ ಬಣ್ಣ ಬರಿಸಿದ್ದು. ಕೆರೆಗೆ ಬಿಟ್ಟರೆ ಅನೇಕವು ಬದುಕುವುದಿಲ್ಲ. ಬದುಕುವಂಥವು ಇನ್ನೂ ಅಪಾಯ. ಗಾಜು ಹೀರಿ ಸ್ವಚ್ಛ ಮಾಡುತ್ತದೆಂದು ಜನ ಕೊಳ್ಳುವ ಸಕ್ಕರ್ ಮೀನು ದೊಡ್ಡದಾದ ಮೇಲೆ ತೊಟ್ಟಿಗೆ ಹಿಡಿಸದೆ ಕೆರೆಗೆ ಬಂದು ಬೀಳುತ್ತದೆ. ಅಲ್ಲಿ ಹೆಚ್ಚಿಕೊಂಡು ಊರ ಮೀನಿನ ಮೇವನ್ನು ತಿನ್ನುತ್ತದೆ. ಆಫ್ರಿಕಾದ ಕ್ಯಾಟ್ ಫಿಶ್ ಮಾಡಿದ ಹಾವಳಿಗಾಗಿ ಅದರ ಸಾಕಣೆಯನ್ನು ಭಾರತ ಸರ್ಕಾರ 2000ರಲ್ಲಿ ನಿಷೇಧಿಸಬೇಕಾಯಿತು. ಬಿಡುಗಡೆಯೆಲ್ಲ ಮುಕ್ತಿಯಲ್ಲ, ತಾಯಂದಿರೇ.

ಹಿಂದಿರುಗುವಾಗ ಬಸ್ಸಿನಲ್ಲಿ ಮಕ್ಕಳಿಗೆ ಶತಪಥಬ್ರಾಹ್ಮಣದ ಮನುವಿನ ಕಥೆ ಹೇಳಿದೆವು. ಬೆಳಗ್ಗೆ ಕೈ ತೊಳೆಯಲು ತಂದ ನೀರಿನಲ್ಲಿ ಮನುವಿನ ಕೈಗೆ ಒಂದು ಮರಿಮೀನು ಬಂತು. "ನನ್ನನ್ನು ಸಾಕು, ಮುಂದೆ ನಿನ್ನನ್ನು ಪ್ರಳಯದಿಂದ ಪಾರುಮಾಡುತ್ತೇನೆ" ಎಂದಿತು. ಮನು ದೊಡ್ಡವನು, ಮನುಕುಲಕ್ಕೆ ಮೂಲಪುರುಷ. ಆದರೂ ಅವನು ಸಾಕುವುದು ಹೇಗೆಂದು ತನಗೆ ಗೊತ್ತಿದೆ ಎಂದುಕೊಳ್ಳಲಿಲ್ಲ. ನಿನ್ನನ್ನು ಹೇಗೆ ಸಾಕಲಿ ಎಂದು ಆ ಮೀನನ್ನೇ ಕೇಳಿದ. ಅದು ಹೇಳಿತು: "ಚಿಕ್ಕವರಾಗಿರುವಾಗ ನಮ್ಮನ್ನು ದೊಡ್ಡ ಮೀನೇ ನುಂಗುತ್ತದೆ. ಆದಕಾರಣ ಮೊದಲು ಒಂದು ಗಡಿಗೆಯಲ್ಲಿಡು. ಅದು ಸಾಲದಾದಾಗ ಗುಂಡಿ ತೋಡಿ ಅದರಲ್ಲಿಡು. ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ಯಿ." ಮನು ಅದರಂತೆಯೇ ಮಾಡಿದ. ಪ್ರಳಯ ಬಂದಾಗ ಅದೇ ಮೀನು ಅವನ ನಾವೆಯನ್ನು ಎಳೆದು ದಡ ಸೇರಿಸಿತು.

ಈ ಕಥೆಯನ್ನು ನಾವು ಚಿಕ್ಕಂದಿನಿಂದ ಬಲ್ಲೆವು. ಪಂಡಿತರ ಮುಂದೆ ವ್ಯಾಖ್ಯಾನವನ್ನೂ ಮಾಡಿದ್ದೆವು. ಪ್ರಳಯದ ಅರ್ಥ, ನಾವೆಯ ಅರ್ಥ, ಮೀನಿನ ಕೊಂಬಿನ ಅರ್ಥ ಎಲ್ಲ ಹೇಳಿದ್ದೆವು. ಹೇಗೆ ಸಾಕಲಿ ಎಂದು ಮನು ಕೇಳಿದ ಆ ಒಂದು ಪ್ರಶ್ನೆ ಮಾತ್ರ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಇಡೀ ಕಥೆ ನಿಂತಿರುವುದು ಅದರ ಮೇಲೆ. ನಾವು ಮೀನಿಗೆ ಮಂಡಕ್ಕಿ ಹಾಕಿದೆವು, ಏಕೆಂದರೆ ಮಂಡಕ್ಕಿ ನಮ್ಮ ಕೈಯಲ್ಲಿತ್ತು. ನಿನಗೆ ಏನು ಬೇಕು, ಎಷ್ಟು ಬೇಕು ಎಂದು ಕೇಳಲಿಲ್ಲ. ಮೀನನ್ನು ಕೇಳಲಾಗದಿದ್ದರೆ ಮೀನನ್ನು ದಿನವೂ ನೋಡುತ್ತಿದ್ದ ಮಗುವನ್ನಾದರೂ ಕೇಳಬಹುದಿತ್ತು. ಅವನು ಕೇಳದೆಯೇ ಹೇಳಿದ್ದ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಯಾವ ಮೀನು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಯಾವ ಆಹಾರ ಎಂದು ಅಲ್ಲಿ ಹೇಳಿದೆ. ಅದು ಗಾಳ ಹಾಕುವವರಿಗಾಗಿ ಬರೆದದ್ದು. ಹಿಡಿಯುವವನು ಅಷ್ಟು ತಿಳಿದುಕೊಂಡ, ಸಾಕುವ ನಾವು ತಿಳಿದುಕೊಳ್ಳಲಿಲ್ಲ. ದಯೆಯ ಮಾತಾಡುವವರಿಗೆ ಇದು ನಾಚಿಕೆಯ ಸಂಗತಿ. ದಯೆಗೆ ಅರಿವು ಕಣ್ಣು. ಕಣ್ಣಿಲ್ಲದ ದಯೆ ಎಷ್ಟೇ ಮೃದುವಾಗಿ ಹೆಜ್ಜೆ ಇಟ್ಟರೂ ಏನನ್ನೋ ತುಳಿಯುತ್ತದೆ. ನಿಮ್ಮ ಮನೆಗಳಲ್ಲಿಯೂ ನೋಡಿಕೊಳ್ಳಿ. ಹೊಟ್ಟೆ ತುಂಬಿದ ಮಗುವಿನ ಬಾಯಿಗೆ ಇನ್ನೊಂದು ತುತ್ತು ತುರುಕುತ್ತೀರಿ. ವಯಸ್ಸಾದ ತಾಯಿಗೆ ಹಬ್ಬಕ್ಕೆ ರೇಷ್ಮೆ ಸೀರೆ ತರುತ್ತೀರಿ. ಆಕೆಗೆ ಬೇಕಾದದ್ದು ಸಂಜೆ ಪಕ್ಕದಲ್ಲಿ ಕೂರುವ ಮಗ. ಒಂದು ಸಲ ಕೇಳಿ ನೋಡಿ, ಅಮ್ಮ, ನಿನ್ನನ್ನು ಹೇಗೆ ನೋಡಿಕೊಳ್ಳಲಿ ಎಂದು.

ಇನ್ನು ನಮ್ಮೂರಿನ ಕೆರೆಗಳ ಮಾತು. ನಮ್ಮ ತೊಟ್ಟಿಯ ಮೀನು ಸತ್ತ ಅದೇ ವಾರ, 2016ರ ಮಾರ್ಚಿನಲ್ಲಿ, ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದವು. ಪತ್ರಿಕೆಗಳಲ್ಲಿ ಚಿತ್ರ ಬಂದದ್ದು ನಿಮಗೆ ನೆನಪಿರಬಹುದು. ಕೊಳಚೆ ಸೇರಿ ನೀರಿನ ಆಮ್ಲಜನಕ ಕುಸಿದದ್ದು ಕಾರಣವೆಂದರು. ಬೇಸಿಗೆಯಲ್ಲಿ ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. ಅದರ ಮೇಲೆ ಕೊಳೆಯುವ ವಸ್ತು ಬಿದ್ದರೆ ಇದ್ದದ್ದೂ ಹೋಗುತ್ತದೆ. ಆ ಚಿತ್ರವನ್ನು ನಾವು ಅಂದು ನೋಡಿ ಅಯ್ಯೋ ಎಂದು ಪತ್ರಿಕೆ ಮಡಚಿಟ್ಟಿದ್ದೆವು. ಮತ್ಸ್ಯಾಲಯದಿಂದ ಬಂದ ಮೇಲೆ ತಿಳಿಯಿತು, ಅದು ನಮ್ಮ ತೊಟ್ಟಿಯ ಕಥೆಯೇ. ಗಾಜು ಮಾತ್ರ ಇಲ್ಲ. ಊರಿನವರೆಲ್ಲ ಒಂದೊಂದು ಹಿಡಿ ಹಾಕಿದ್ದೇವೆ. ಕೆರೆ ಸತ್ತಾಗಲೂ ನಾವು ಹೇಳುವುದು ಅದೇ ಮಾತು: ಕಾಲ ಕೆಟ್ಟಿತು, ಕೆರೆಯ ಆಯುಷ್ಯ ಮುಗಿಯಿತು.

ಊರಿಗೆ ಬಂದು ನಾವು ಮಾಡಿದ ಮೊದಲ ಕೆಲಸವೆಂದರೆ ಶಾಖಾಮಠದ ದಾಸೋಹದ ನೀರು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ ನೋಡಿದ್ದು. ಸಾವಿರ ಎಲೆಯ ಎಂಜಲು ತೊಳೆದ ನೀರು ಚರಂಡಿ ಸೇರಿ, ಅಲ್ಲಿಂದ ರಾಜಕಾಲುವೆ ಸೇರಿ, ಕೆರೆಯ ಕಡೆಗೆ ಹರಿಯುತ್ತಿತ್ತು. ಒಳಗೆ ಅನ್ನದಾಸೋಹ, ಹೊರಗೆ ಕೆರೆಗೆ ಮಂಡಕ್ಕಿ! ಎಂಜಲನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕಿಸಿದೆವು. ನೀರನ್ನು ಜೊಂಡು ನೆಟ್ಟ ಮಡುವಿನಲ್ಲಿ ಇಳಿಸಿ ಬಾಳೆಯ ತೋಟಕ್ಕೆ ತಿರುಗಿಸಿದೆವು. ಈ ಉಪಾಯ ನಮ್ಮ ಸ್ವಂತದ್ದಲ್ಲ. ಯಲಹಂಕದ ಪಕ್ಕದ ಜಕ್ಕೂರು ಕೆರೆಯಲ್ಲಿ ಇದನ್ನೇ ದೊಡ್ಡದಾಗಿ ಮಾಡಿದ್ದಾರೆ. ಯಂತ್ರದಲ್ಲಿ ಶುದ್ಧಿಯಾದ ನೀರನ್ನು ಜೊಂಡು ಹುಲ್ಲಿನ ಜೌಗಿನ ಮೂಲಕ ಹಾಯಿಸಿ ಆಮೇಲೆ ಕೆರೆಗೆ ಬಿಡುವ ಏರ್ಪಾಡು ಅದು. ಅಲ್ಲಿ ಬಲೆ ಬೀಸುವ ಬೆಸ್ತರನ್ನು ಮಾತನಾಡಿಸಿ ನೋಡಿ. ನೀರಿನ ಬಣ್ಣ ನೋಡಿ ನೀರಿನ ಆರೋಗ್ಯ ಹೇಳುತ್ತಾರೆ. ಅಂಬಿಗರ ಚೌಡಯ್ಯನವರನ್ನು ಅನುಭವಮಂಟಪದಲ್ಲಿ ಕೂರಿಸಿದ ಪರಂಪರೆ ನಮ್ಮದು. ನೀರನ್ನು ಬಲ್ಲವರ ಮಾತನ್ನು ಕೇಳಲು ನಮಗೆ ಸಂಕೋಚವಿರಬಾರದು.

1850ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್ ಮತ್ತು ನೀರಿನ ಗಿಡ ಇಟ್ಟು ಪರೀಕ್ಷೆ ಮಾಡಿದರು. ಮೀನು ಬಿಟ್ಟ ಉಸಿರು ಗಿಡಕ್ಕೆ ಆಹಾರ, ಗಿಡ ಬಿಟ್ಟದ್ದು ಮೀನಿಗೆ ಉಸಿರು. ಆದರೆ ಗಿಡದ ಎಲೆ ಕೊಳೆತು ನೀರು ಕೆಡತೊಡಗಿತು. ಆಗ ಅವರು ಅದಕ್ಕೆ ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಯಾಗಿಸಿದವು, ಪಾತ್ರೆ ನೆಲೆಗೊಂಡಿತು. ಮೂರು ವರ್ಷದ ಮೇಲೆ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಇದನ್ನು ಓದಿದಾಗ ನಮಗೆ ಸಂತೋಷವಾಯಿತು. ಎಲ್ಲರೂ ನೋಡಿ ನಲಿಯುವುದು ಬಣ್ಣದ ಮೀನನ್ನು. ತಳದಲ್ಲಿ ಮೆಲ್ಲಗೆ ಹರಿಯುತ್ತ ಎಲ್ಲರ ಕೊಳೆ ತೆಗೆಯುವ ಜೀವಿಗೆ ನಮ್ಮ ಕನ್ನಡದವರು ಬಸವನ ಹೆಸರಿಟ್ಟಿದ್ದಾರೆ. ಯಾರ ಕಣ್ಣಿಗೂ ಬೀಳದ ಕಾಯಕದ ಮೇಲೆಯೇ ಎಲ್ಲರ ಉಸಿರೂ ನಿಂತಿದೆ.

ಈಗ ನಮ್ಮ ಭಕ್ತರಿಗೆ ಉತ್ತರ. ಆ ಹುಡುಗ ಈಗ ದೊಡ್ಡವನಾಗಿ ಕಾಲೇಜು ಓದುತ್ತಿದ್ದಾನೆ. ಈ ವಾರ ಅವನನ್ನು ಕರೆಸಿ, "ಗಾಜಿನ ತೊಟ್ಟಿ ಬರುತ್ತದಂತೆ. ತೆಗೆದುಕೊಳ್ಳೋಣವೇ?" ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿದ. "ತೆಗೆದುಕೊಳ್ಳಿ ಬುದ್ಧಿ. ಆದರೆ ಮೀನು ಈಗಲೇ ಬೇಡ. ಮೊದಲು ಒಂದು ತಿಂಗಳು ಬರೀ ನೀರು, ಕಲ್ಲು, ಗಿಡ ಇಡಬೇಕು. ವಿಷ ಮುರಿಯುವ ಸೂಕ್ಷ್ಮಜೀವಿಗಳು ಅಷ್ಟರಲ್ಲಿ ನೆಲೆಯಾಗುತ್ತವೆ. ನೀರು ಸಿದ್ಧವಾದ ಮೇಲೆ ಎರಡೇ ಮೀನು ತನ್ನಿ. ಆಹಾರ ಹಾಕುವ ಅಧಿಕಾರ ಒಬ್ಬ ಮಗುವಿಗೆ ಮಾತ್ರ ಇರಲಿ" ಎಂದ. ಆಮೇಲೆ ತಲೆ ತಗ್ಗಿಸಿ, "ಯಾರೇ ಬಂದರೂ ಆ ಮಗು ಬೇಡ ಅಂದರೆ ಬೇಡ" ಎಂದು ಸೇರಿಸಿದ. ಯಾರೇ ಎಂದರೆ ಯಾರು ಎಂಬುದು ನಮಗೆ ತಿಳಿಯಿತು.

ಆದಕಾರಣ, ಭಕ್ತರೇ, ನಿಮ್ಮ ಕಾಣಿಕೆಯನ್ನು ಸಂತೋಷದಿಂದ ಸ್ವೀಕರಿಸಿದ್ದೇವೆ. ತೊಟ್ಟಿಯನ್ನು ತನ್ನಿ. ಒಂದು ತಿಂಗಳು ಅದರಲ್ಲಿ ಮೀನು ಇರುವುದಿಲ್ಲ. ನೋಡಲು ಬಂದವರು ಬರೀ ನೀರನ್ನು ಏಕೆ ಇಟ್ಟಿದ್ದಾರೆಂದು ಕೇಳಬಹುದು. ಬರುವ ಜೀವಕ್ಕೆ ಮನೆ ಸಿದ್ಧವಾಗುತ್ತಿದೆ ಎಂದು ಮಕ್ಕಳು ಉತ್ತರ ಹೇಳುತ್ತಾರೆ. ಮುಂದಿನ ಶಿವರಾತ್ರಿಗೆ ನೀವೆಲ್ಲ ಬನ್ನಿ, ಮೀನುಗಳನ್ನು ನೋಡಿ. ಮಂಡಕ್ಕಿಯನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬನ್ನಿ. ನಮ್ಮ ಕೈಗೆ ಯಾರಾದರೂ ತಟ್ಟೆ ಹಿಡಿದರೆ, ನಾವು ಮೊದಲು ಆ ಮಗುವಿನ ಮುಖ ನೋಡುತ್ತೇವೆ.

ನಿಮ್ಮೆಲ್ಲರ ದಯೆಗೆ ಅರಿವಿನ ಕಣ್ಣು ಕೂಡಿ ಬರಲಿ, ನಿಮ್ಮ ಮಕ್ಕಳ ಪ್ರಶ್ನೆಗಳು ನಿಮ್ಮ ಮನೆಯಲ್ಲಿ ಎಂದೂ ನಗೆಗೀಡಾಗದಿರಲಿ, ನಿಮ್ಮ ಊರಿನ ಕೆರೆಗಳು ತುಂಬಿ ತಿಳಿಯಾಗಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಶುಭವಾಗಲಿ.